ನಳಿಕೆ ಹಿಡಿಯುವ ಕೈ

ಕಳೆದ ದೀಪಾವಳಿಗೆ ಸತ್ತಿಗೆ ಹೋದಾಗ ಅಥಣಿ ರಸ್ತೆಯ ಪೆಟ್ರೋಲ್ ಪಂಪೊಂದರಲ್ಲಿ ನನ್ನ ಮಗ ಕಾರಿನಿಂದಿಳಿದು ತಾನೇ ನಳಿಕೆಗೆ ಕೈಹಾಕಿದ. ಪಂಪಿನ ಹುಡುಗ ಗಾಬರಿಯಾಗಿ, 'ಬಿಡ್ರಿ ಅಣ್ಣಾರ, ಅದು ನನ್ನ ಕೆಲಸ' ಎಂದ. ಊರು ತಲುಪುವವರೆಗೂ ಕಾರಿನಲ್ಲಿ ಅದೇ ಚರ್ಚೆ: ಒಂದು ನಳಿಕೆ ಹಿಡಿಯಲು ಒಬ್ಬ ಆಳು ಬೇಕೇ?

ವಿಚಿತ್ರವೆಂದರೆ ಮಗ ನೆಲೆಸಿರುವುದು ಅಮೆರಿಕದ ಓರೆಗಾನ್ ರಾಜ್ಯದಲ್ಲಿ. ಅಲ್ಲಿ 1951ರಿಂದ ಗ್ರಾಹಕ ತಾನೇ ಪೆಟ್ರೋಲ್ ತುಂಬಿಕೊಳ್ಳುವುದಕ್ಕೆ ನಿಷೇಧವಿತ್ತು. ರಾಜ್ಯದಾದ್ಯಂತ ಅದು ತೆರವಾದದ್ದು 2023ರ ಆಗಸ್ಟ್‌ನಲ್ಲಿ. ಈಗಲೂ ಹೆಚ್ಚು ಜನವಸತಿಯ ಪ್ರದೇಶಗಳಲ್ಲಿ ಅರ್ಧದಷ್ಟು ಯಂತ್ರಗಳಿಗೆ ಸಿಬ್ಬಂದಿ ಇರಬೇಕು, ಎರಡೂ ಕಡೆ ದರ ಒಂದೇ ಇರಬೇಕು. ನ್ಯೂಜೆರ್ಸಿಯಂತೂ 1949ರ ನಿಷೇಧವನ್ನು ಬಿಟ್ಟಿಲ್ಲ. ಜಪಾನ್ ಸ್ವಸೇವೆಗೆ ಅನುಮತಿ ನೀಡಿದ್ದು 1998ರಲ್ಲಿ. ಕೂಲಿ ದುಬಾರಿಯಾದ ದೇಶಗಳಲ್ಲೂ ಇದು ಬರೀ ಕೂಲಿಯ ಲೆಕ್ಕವಾಗಿರಲಿಲ್ಲ.

ಮಗನ ಮುಖ್ಯ ವಾದ ಮೋಸದ್ದು. ನಮ್ಮ ಕೈಯಲ್ಲೇ ನಳಿಕೆಯಿದ್ದರೆ, ಮಾತಿಗೆಳೆದು ಸೊನ್ನೆಗೆ ತಾರದೆಯೇ ತುಂಬುವ ಚಾಳಿ ನಿಲ್ಲುತ್ತದೆಂದು. ನಿಜ, ಆ ಮೋಸ ನಿಲ್ಲುತ್ತದೆ. ಆದರೆ 2017ರ ಏಪ್ರಿಲ್‌ನಲ್ಲಿ ಲಖನೌದ ಪಂಪುಗಳಲ್ಲಿ ಪೊಲೀಸರು ಪತ್ತೆಹಚ್ಚಿದ್ದು ಯಂತ್ರದೊಳಗೆ ಅಡಗಿಸಿದ್ದ ಚಿಪ್‌ಗಳನ್ನು. ಪರದೆಯ ಮೇಲೆ ಸೊನ್ನೆಯೂ ಸರಿ, ಲೀಟರೂ ಸರಿ. ಟ್ಯಾಂಕಿಗೆ ಬಿದ್ದದ್ದು ಮಾತ್ರ ಕಡಿಮೆ. ಅಲ್ಲಿ ಯಾರ ಕೈ ನಳಿಕೆ ಹಿಡಿದರೇನು? ಅದಕ್ಕೆ ಮದ್ದು ತೂಕ ಮತ್ತು ಅಳತೆ ಇಲಾಖೆ ಮುದ್ರೆಯೊತ್ತಿದ ಐದು ಲೀಟರ್ ಮಾಪು. ವ್ಯತ್ಯಾಸ 25 ಮಿಲಿಲೀಟರ್ ಮೀರುವಂತಿಲ್ಲ. ಅಳೆದು ತೋರಿಸೆಂದು ಕೇಳುವುದು ಗ್ರಾಹಕನ ಹಕ್ಕು.

ನಾನು ಆಳು ಇರಲಿ ಎನ್ನುವ ಪಕ್ಷದವನು. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು, ನಡುವೆ ನುಸುಳುವ ಬೈಕುಗಳು, ಅವಸರ. ಇಲ್ಲಿ ಸ್ವಸೇವೆಯೆಂದರೆ ದಿನಕ್ಕೊಂದು ಜಗಳ. (ಗಡಿಯಾಚೆಯಿಂದ ಅಗ್ಗದ ಡೀಸೆಲ್ ಅರಸಿ ಬರುವವರ ಉತ್ಸಾಹ, 2024ರಲ್ಲೂ 2025ರಲ್ಲೂ ನಮ್ಮ ಸರ್ಕಾರ ತೆರಿಗೆ ಏರಿಸಿದ ಮೇಲೆ, ಕುಂದಿರಲೂ ಸಾಕು.) ಬಿ.ಎ. ಓದಿ ಊರಲ್ಲೇ ಉಳಿದ ಹುಡುಗನಿಗೆ ಈ ಕೆಲಸವೂ ಇಲ್ಲದಿದ್ದರೆ ಮುಂದಿನ ದಾರಿ ಪುಣೆಯ ಬಸ್ಸು.

ಆದರೆ ಈ ವಾದದಲ್ಲಿ ನನ್ನನ್ನು ಮುಜುಗರಕ್ಕೀಡುಮಾಡುವ ಸಂಗತಿಯೊಂದಿದೆ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ. ಬಿಎಸ್-6 ಮಾನದಂಡ ಅದನ್ನು ಶೇ 1ಕ್ಕೆ ಮಿತಿಗೊಳಿಸಿದೆ. ಅದು ಕ್ಯಾನ್ಸರ್‌ಕಾರಕವೆಂಬುದರಲ್ಲಿ ವಿಜ್ಞಾನಕ್ಕೆ ಸಂಶಯವಿಲ್ಲ. ತಾನೇ ತುಂಬಿಕೊಳ್ಳುವ ಗ್ರಾಹಕ ಆ ಆವಿಯನ್ನು ಎರಡು ನಿಮಿಷ ಉಸಿರಾಡುತ್ತಾನೆ, ಈ ಹುಡುಗ ಪಾಳಿಯುದ್ದಕ್ಕೂ. ಆವಿಯನ್ನು ಮರಳಿ ಹೀರುವ ಸಾಧನದ ನಿಯಮಗಳು ನಗರಗಳ ದೊಡ್ಡ ಪಂಪುಗಳನ್ನು ಗಮನದಲ್ಲಿಟ್ಟು ರಚಿತವಾದವು. ಹಳ್ಳಿಯ ಪಂಪು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಸೇವೆಯಲ್ಲಿದ್ದಾಗ ನಾನು ಪಂಪುಗಳ ತಪಾಸಣೆಗೆ ಹೋಗಿದ್ದುಂಟು. ದಾಸ್ತಾನು ನೋಡಿದೆ, ಸಾಂದ್ರತೆ ನೋಡಿದೆ, ಅಗ್ನಿಶಾಮಕ ಬಕೆಟ್ಟುಗಳನ್ನು ಎಣಿಸಿದೆ. ನಳಿಕೆ ಹಿಡಿದವನ ಹಾಜರಿ ಪುಸ್ತಕವನ್ನೋ ಆರೋಗ್ಯ ತಪಾಸಣೆಯ ಚೀಟಿಯನ್ನೋ ಒಮ್ಮೆಯೂ ಕೇಳಲಿಲ್ಲ. ಆತನ ಉದ್ಯೋಗ ಉಳಿಯಲಿ ಎಂದು ಬರೆಯುವಾಗ, ನಾನು ಉಳಿಸಹೊರಟಿರುವುದು ಆತನ ಅನ್ನವನ್ನೋ ಕಾರಿನಿಂದಿಳಿಯದ ನನ್ನ ಸುಖವನ್ನೋ ಎಂಬ ಅನುಮಾನ ಬಾರದಿರದು.

ಮರುದಿನ ಅದೇ ಪಂಪಿಗೆ ಹೋಗಿ ಮಾಪು ಕೇಳಿದೆ. ಹುಡುಗ ಒಳಗಿನಿಂದ ತಂದು, ಧೂಳು ಒರೆಸಿ, ಅಳೆದು ತೋರಿಸಿದ. ಸರಿಯಾಗಿತ್ತು. 'ಎರಡ ವರ್ಷದಾಗ ಇದನ್ನ ಕೇಳಿದವ್ರು ನೀವ ಮೊದಲ್ನೇದವ್ರು ನೋಡ್ರಿ ಸಾಹೇಬ್ರ' ಎಂದ. ಮುಖಕ್ಕೆ ಕಟ್ಟಿಕೊಳ್ಳಲು ಮಾಲೀಕರು ಏನಾದರೂ ಕೊಡುತ್ತಾರೆಯೇ ಎಂದು ಕೇಳಿದೆ. ಕೊರೊನಾ ಕಾಲದಲ್ಲಿ ಕೊಟ್ಟಿದ್ದರಂತೆ.