ರಾಳ ಸುಟ್ಟರೆ ಹರಳಿನ ಮಣಿ

2021ರ ಮೇ ತಿಂಗಳಲ್ಲಿ, ಕೊರೊನಾ ಉಸಿರು ಕಟ್ಟಿಸಿದ್ದಾಗ, ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲೊಂದು ಆಮ್ಲಜನಕ ಘಟಕ ಎದ್ದಿತು. ಅದರ ತಂತ್ರಜ್ಞಾನ ತೇಜಸ್ ಯುದ್ಧವಿಮಾನಕ್ಕೆಂದು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಡೆಬೆಲ್ ರೂಪಿಸಿದ್ದು. ಒಳಗಿದ್ದ ಜಿಯೊಲೈಟ್ ಮಣಿಗಳ ಕೆಲಸ, ಗಾಳಿಯಲ್ಲಿನ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುವುದು.

ಜಿಯೊಲೈಟ್ ಎಂದರೆ ‘ಕುದಿಯುವ ಕಲ್ಲು’. ಕಾಸಿದ ಕಲ್ಲು ಹಬೆಯಾಡಿದ್ದನ್ನು ಕಂಡು 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರಾನ್‌ಸ್ಟೆಡ್ ಇಟ್ಟ ಹೆಸರು.

ಕೃತಕವಾಗಿ ತಯಾರಾದಾಗ ಜಿಯೊಲೈಟ್ ಹಿಟ್ಟಿನಂಥ ಪುಡಿ. ಮಣಿ ಕಟ್ಟಲು ಜೇಡಿಯಂಥ ಅಂಟು ಬೇಕು. ಅನಿಲವನ್ನು ಹಿಡಿಯುವ ಜಿಯೊಲೈಟಿನ ಸೂಕ್ಷ್ಮ ರಂಧ್ರಗಳನ್ನು ಆ ಅಂಟೇ ಮುಚ್ಚೀತು! ಅದಕ್ಕೊಂದು ಉಪಾಯವಿದೆ. ನೀರು ಶುದ್ಧೀಕರಿಸುವ ಯಂತ್ರಗಳಲ್ಲಿರುವಂಥ ರಾಳದ ಮಣಿಗಳಿಗೆ ಸಿಲಿಕಾ ದ್ರಾವಣ ಕುಡಿಸಿ, ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ರಾಳದ ರಂಧ್ರಗಳೊಳಗೇ ಹರಳು ಬೆಳೆಯುತ್ತದೆ. ಕೊನೆಗೆ ಸುಮಾರು 600 ಡಿಗ್ರಿಯಲ್ಲಿ ರಾಳವನ್ನೇ ಸುಟ್ಟುಬಿಡುತ್ತಾರೆ. ಮೇಣ ಕರಗಿಸಿ ವಿಗ್ರಹ ಎರಕ ಹೊಯ್ಯುವವರಿಗೆ ಈ ಜಾಣ್ಮೆ ಹೊಸದಲ್ಲ. ಉಳಿಯುವುದು ಅದೇ ಆಕಾರದ, ಅಂಟಿಲ್ಲದ ಜಿಯೊಲೈಟ್ ಮಣಿ.