ಉಪ್ಪಾಗೆ ಹಣ್ಣಾಗುವವರೆಗೆ

ನಾವು ಇಲ್ಲಿನ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವರು. ತೂಕ ಇಳಿಸುವ ಮಾತ್ರೆಯ ಬಾಟಲಿ ಹಿಡಿದು ತಂದು "ಇದನ್ನು ತಗೊಳ್ಳಬಹುದಾ?" ಎಂದು ಕೇಳುವ ನಮ್ಮ ಕಡೆಯ ಹುಡುಗರು ಆಗಾಗ ಸಿಗುತ್ತಾರೆ. ಬಾಟಲಿಯ ಮೇಲೆ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ದೊಡ್ಡ ಹೆಸರಿರುತ್ತದೆ. ಅದು ಬೇರೇನೂ ಅಲ್ಲ, ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಎಲ್ಲರೂ ಬಲ್ಲ ಉಪ್ಪಾಗೆ! ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಈ ಮಾತ್ರೆಯ ಬಂಡವಾಳ. ಇದರಿಂದ ತೂಕ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳಂತೂ ಇವೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಇದಿಷ್ಟು ಔಷಧದ ಮಾತು. ಇನ್ನುಳಿದದ್ದು ಮರದ ಮಾತು.

ಊರಲ್ಲಿ ಉಪ್ಪಾಗೆ ಸಾರಿಗೆ ಹುಳಿಯಾಗಿತ್ತು, ಬೀಜದಿಂದ ತುಪ್ಪ ತೆಗೆಯುತ್ತಿದ್ದರು. 1990ರ ದಶಕದಲ್ಲಿ ಹೊರದೇಶದ ಬೇಡಿಕೆಯಿಂದ ಅದರ ಸಿಪ್ಪೆಗೆ ಬೆಲೆ ಬಂತು. ಆಗ ಹೈಸ್ಕೂಲು ಹುಡುಗರಾಗಿದ್ದ ನಾವೂ ಚೀಲ ಹಿಡಿದು ಕಾಡಿಗೆ ನುಗ್ಗಿದೆವು. ಹಣ್ಣಾಗುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಇವತ್ತು ನಾವು ಬಿಟ್ಟರೆ ನಾಳೆ ಇನ್ನೊಬ್ಬರು ಕೀಳುತ್ತಾರೆ ಎಂಬ ಭಯ. ಎಳೆಗಾಯಿ ಉದುರಿಸಿದೆವು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿದೆವು. ಮಳೆಗಾಲದ ಬೆಳೆಯಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಆ ಸೌದೆಯೂ ಕಾಡಿನಿಂದಲೇ. ಮರ ಸರ್ಕಾರದ್ದು, ಹಾಗಾಗಿ ಯಾರದ್ದೂ ಅಲ್ಲ ಎಂದು ಕೊಂಡಿದ್ದೆವು.

ಸರ್ಕಾರವೊಂದೇ ಕಾಡು ಕಾಯಲಾರದು ಎಂಬುದು ಅಷ್ಟರಲ್ಲಿ ದೇಶಕ್ಕೂ ಅರಿವಾಗಿತ್ತು. ಪಶ್ಚಿಮ ಬಂಗಾಳದ ಅರಾಬರಿಯಲ್ಲಿ 1970ರ ದಶಕದಲ್ಲೇ ಹಳ್ಳಿಗರಿಗೆ ಕೆಲಸ ಮತ್ತು ಪಾಲು ಕೊಡುವ ಭರವಸೆಯಿತ್ತು, ಅವರಿಂದಲೇ ಕಾಡು ಕಾಯಿಸಿ ನೋಡಿದ್ದರು. ಬೋಳಾಗಿದ್ದ ಸಾಲ್ ಕಾಡು ಮತ್ತೆ ಚಿಗುರಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯ ನಂತರ, 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜನರನ್ನು ಜೊತೆಗೂಡಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕ 1993ರ ಏಪ್ರಿಲ್‌ನಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು. ಬ್ರಿಟಿಷ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆಯಡಿ ಉತ್ತರ ಕನ್ನಡದ ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು.

ವ್ಯವಸ್ಥೆ ಸರಳ. ಊರವರು ಸದಸ್ಯರು, ಅವರಲ್ಲೊಬ್ಬರು ಅಧ್ಯಕ್ಷರು, ಇಲಾಖೆಯ ಫಾರೆಸ್ಟರ್ ಸದಸ್ಯ ಕಾರ್ಯದರ್ಶಿ. ಎಲ್ಲಿ ಗಿಡ ನೆಡಬೇಕು, ಎಲ್ಲಿ ದನ ಬಿಡಬಾರದು ಎಂಬುದನ್ನು ಕೂತು ಬರೆಯುವುದೇ ಸೂಕ್ಷ್ಮ ಯೋಜನೆ. ಮೊದಲ ಆದೇಶದಂತೆ ಆದಾಯದಲ್ಲಿ ಅರ್ಧ ಸರ್ಕಾರಕ್ಕೆ, ಕಾಲು ಭಾಗ ಸದಸ್ಯರಿಗೆ, ಕಾಲು ಭಾಗ ಗ್ರಾಮ ಅರಣ್ಯ ಅಭಿವೃದ್ಧಿ ನಿಧಿಗೆ.

ಕುಮಟಾದ ಹಳಕಾರಿನವರಿಗೆ ಇದು ಹೊಸತೇ ಅಲ್ಲ. ಬ್ರಿಟಿಷರ ಕಾಲದ ಗ್ರಾಮ ಅರಣ್ಯ ಪಂಚಾಯತಿಯನ್ನು ಅವರು ಇಂದಿಗೂ ಉಳಿಸಿಕೊಂಡಿದ್ದಾರೆ, ಪೇಟೆಯ ಮಗ್ಗುಲಲ್ಲೇ ಕಾಡು ಕಾಯ್ದಿದ್ದಾರೆ.

ನಮ್ಮೂರ ಸಮಿತಿ ಮಾಡಿದ ದೊಡ್ಡ ಕೆಲಸ ಎಂದರೆ ಒಂದು ದಿನ ಗೊತ್ತು ಮಾಡಿದ್ದು. ಅದಕ್ಕೆ ಮುಂಚೆ ಯಾರೂ ಉಪ್ಪಾಗೆ ಮುಟ್ಟುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ, ಮಂಗಕ್ಕೂ ಹಕ್ಕಿಗೂ ಬೀಜಕ್ಕೂ ಒಂದಿಷ್ಟು ಮರದಲ್ಲೇ ಬಿಡಬೇಕು. ಕಡಿಮೆ ಸೌದೆಯ ಒಲೆಗಳೂ ಬಂದವು. ನಿಯಮ ಇಲಾಖೆಯದ್ದಾಗಿದ್ದರೆ ನಾವೇ ಮುರಿಯುತ್ತಿದ್ದೆವು. ಪಕ್ಕದ ಮನೆಯ ಅಜ್ಜಿ ಸಭೆಯಲ್ಲಿ ಕೂತು ಮಾಡಿದ ನಿಯಮವನ್ನು ಮುರಿದು ಅವಳ ಅಂಗಳ ದಾಟುವುದು ಹೇಗೆ?

ಎಲ್ಲವೂ ಚೆಂದವಿದೆ ಎನ್ನಲಾರೆವು. ಸಮಿತಿಯ ಬ್ಯಾಂಕ್ ಖಾತೆಗೆ ಫಾರೆಸ್ಟರ್ ಸಹಿಯೂ ಬೇಕು. ಅವರಿಗೆ ವರ್ಗವಾದರೆ ಕೆಲಸ ನಿಲ್ಲುತ್ತದೆ. ಯೋಜನೆಯ ಹಣ ಮುಗಿದ ಮೇಲೆ ಎಷ್ಟೋ ಸಮಿತಿಗಳು ಕಾಗದದಲ್ಲಷ್ಟೇ ಉಳಿದವು. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನು ಕಾನೂನಿನಲ್ಲೇ ಕೊಟ್ಟಿದೆ. ಆದರೆ ಹಕ್ಕು ಕೇಳಲು ಗ್ರಾಮಸಭೆಯಲ್ಲಿ ಜನ ಬೇಕಲ್ಲ?

ಆ ಜನ ನಾವೇ. ಕಳೆದ ಸಲ ರಜೆಗೆ ಹೋದಾಗ ಸಮಿತಿಯ ಸಭೆಗೆ ಹೋದೆವು. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿತ್ತು, ಅದರ ಮುಂದೆ ಖಾಲಿ ಜಾಗ. ಕೆಳಗೆ ಅಂಥದೇ ಹೆಸರುಗಳು: ಒಬ್ಬ ದುಬೈ, ಒಬ್ಬ ಮಸ್ಕತ್, ಇಬ್ಬರು ಬೆಂಗಳೂರು. ಸಭೆ ನಡೆಸಿದವರು ಐದಾರು ಹೆಂಗಸರು, ಮೂವರು ಮುದುಕರು. ಕೋರಂ ಇಲ್ಲವೆಂದು ಆ ದಿನದ ಸಭೆ ಮುಂದಕ್ಕೆ ಹೋಯಿತು.

ಮಿತ್ರರೇ, ಊರಿಗೆ ಹಣ ಕಳಿಸುವುದನ್ನು ನಾವು ಮರೆತಿಲ್ಲ. ಮುಂದಿನ ರಜೆಯಲ್ಲಿ ಮದುವೆ, ಮುಂಜಿ, ಉರುಸು, ಜಾತ್ರೆಗಳ ನಡುವೆ ಒಂದು ಬೆಳಿಗ್ಗೆ ಸಮಿತಿಗೆ ಕೊಡೋಣ. ಲೆಕ್ಕ ಓದಿಸೋಣ, ಕೇಳೋಣ, ಸಹಿ ಹಾಕೋಣ. ಸಾಧ್ಯವಾದರೆ ರಜೆಯನ್ನು ಮಳೆಗಾಲಕ್ಕೇ ಹಾಕಿಕೊಳ್ಳಿ. ನಾವು ಅಂದು ಕೊಂಬೆ ಕಡಿದ ಮರಗಳಲ್ಲಿ ಒಂದು ಇನ್ನೂ ಬದುಕಿದೆ. ಹೋದ ಸಲ ಅದರಡಿ ಹಳದಿ ಹಣ್ಣು ಬಿದ್ದಿದ್ದವು. ಆರಿಸಿ ತಂದು ಮನೆಯಲ್ಲಿ ಕೊಟ್ಟೆವು.