ಬರಹದಲ್ಲಿ ಐದು, ಉಚ್ಚಾರಣೆಯಲ್ಲಿ ಮೂರು: ಫ್ರೆಂಚ್ ನಿಯತ ಕ್ರಿಯಾಪದಗಳ ವರ್ತಮಾನ ರೂಪಗಳು ಮತ್ತು ಆರಂಭಿಕ ಬೋಧನೆ

1. ಪ್ರಸ್ತಾವನೆ

ಫ್ರೆಂಚ್ ಕಲಿಕೆಯ ಮೊದಲ ವಾರಗಳಲ್ಲೇ ವಿದ್ಯಾರ್ಥಿಯ ಮುಂದೆ ಒಂದು ಕೋಷ್ಟಕ ಬರುತ್ತದೆ. ಇಂಗ್ಲಿಷ್ ಮಾಧ್ಯಮದ ಪಠ್ಯಗಳು ನಿಘಂಟುರೂಪದ ಕೊನೆಯ ಅಕ್ಷರಗಳನ್ನು ನೋಡಿ ನಿಯತ ಕ್ರಿಯಾಪದಗಳನ್ನು 'ಇ-ಆರ್', 'ಐ-ಆರ್', 'ಆರ್-ಇ' ಎಂಬ ಮೂರು ಗುಂಪುಗಳಾಗಿ ವಿಂಗಡಿಸುತ್ತವೆ. ಫ್ರಾನ್ಸಿನ ಶಾಲಾ ವ್ಯಾಕರಣವಾದರೋ ಮೊದಲ ಎರಡನ್ನಷ್ಟೇ ನಿಯತವೆಂದು ಪರಿಗಣಿಸಿ, ಉಳಿದೆಲ್ಲವನ್ನೂ ಮೂರನೆಯ ಗುಂಪಿಗೆ ಸೇರಿಸುತ್ತದೆ. ಒಂದೇ ಕ್ರಿಯಾಪದ ಒಂದು ಪರಂಪರೆಯಲ್ಲಿ ನಿಯತವೂ ಇನ್ನೊಂದರಲ್ಲಿ ಅನಿಯತವೂ ಆಗುವುದಾದರೆ, 'ನಿಯತ' ಎಂಬ ಮಾತಿನ ಅರ್ಥವನ್ನೇ ಪರಿಶೀಲಿಸಬೇಕಾಗುತ್ತದೆ. ನಿಯತತೆಯನ್ನು ಕಾಗುಣಿತದಲ್ಲಿ ಹುಡುಕುವುದಕ್ಕಿಂತ ಉಚ್ಚಾರಣೆಯಲ್ಲಿ ಹುಡುಕಿದರೆ ವಿವರಣೆಯೂ ಬೋಧನೆಯೂ ಸರಳವಾಗುತ್ತವೆ ಎಂಬುದು ಈ ಲೇಖನದ ವಾದ.

ಇಲ್ಲಿ ಉಚ್ಚಾರಣೆಯನ್ನು ಓರೆಗೆರೆಗಳ ನಡುವೆ, ಕಾಗುಣಿತವನ್ನು ಅಕ್ಷರಗಳ ಹೆಸರುಗಳ ಮೂಲಕ ಸೂಚಿಸಲಾಗಿದೆ. /ಆಂ/, /ಓಂ/ ಎಂಬಲ್ಲಿನ ಸೊನ್ನೆ ಅನುನಾಸಿಕ ಸ್ವರದ ಗುರುತು. ಅದು ಪ್ರತ್ಯೇಕ ವ್ಯಂಜನವಲ್ಲ.

2. ಕಿವಿಗೆ ಕೇಳುವ ರೂಪಗಳು

'ಮಾತಾಡು' ಎಂಬರ್ಥದ /ಪಾರ್ಲೇ/ ಧಾತುವಿಗೆ ಬರಹದಲ್ಲಿ ಆರು ಸ್ಥಾನಗಳಿವೆ. ಪ್ರತ್ಯಯಗಳು ಕ್ರಮವಾಗಿ 'ಇ', 'ಇ-ಎಸ್', 'ಇ', 'ಓ-ಎನ್-ಎಸ್', 'ಇ-ಜೆಡ್', 'ಇ-ಎನ್-ಟಿ'. ಭಿನ್ನ ಲಿಖಿತ ರೂಪಗಳು ಐದು. ಉಚ್ಚಾರಣೆಯಲ್ಲಿ ಏಕವಚನದ ಮೂರು ಸ್ಥಾನಗಳೂ ಪ್ರಥಮ ಪುರುಷ ಬಹುವಚನವೂ ಒಂದೇ /ಪಾರ್ಲ್/ ಆಗುತ್ತವೆ. ಉತ್ತಮ ಪುರುಷ ಬಹುವಚನ /ಪಾರ್ಲೋಂ/, ಮಧ್ಯಮ ಪುರುಷ ಬಹುವಚನ /ಪಾರ್ಲೇ/. ಒಟ್ಟು ಮೂರೇ ರೂಪಗಳು. ಆಡುಮಾತಿನಲ್ಲಿ 'ನಾವು' ಎಂಬುದಕ್ಕೆ /ನೂ/ ಬದಲು /ಓಂ/ ಸರ್ವನಾಮವೇ ಹೆಚ್ಚಾಗಿ ಬರುತ್ತದೆ. ಅದು ಏಕವಚನದ ರೂಪವನ್ನೇ ತೆಗೆದುಕೊಳ್ಳುವುದರಿಂದ ಉಳಿಯುವುದು ಎರಡೇ.

ಇತರ ಎರಡು ಗುಂಪುಗಳ ಚಿತ್ರ ಬೇರೆ. 'ಮುಗಿಸು' ಎಂಬುದಕ್ಕೆ ಏಕವಚನ /ಫಿನಿ/, ಬಹುವಚನ /ಫಿನಿಸೋಂ/, /ಫಿನಿಸೇ/, /ಫಿನಿಸ್/. 'ಮಾರು' ಎಂಬುದಕ್ಕೆ ಏಕವಚನ /ವಾಂ/, ಬಹುವಚನ /ವಾಂದೋಂ/, /ವಾಂದೇ/, /ವಾಂದ್/. ಕಾಗುಣಿತದಲ್ಲಿ ಇವು ಎರಡು ಬೇರೆ ಬೇರೆ ಪ್ರತ್ಯಯಮಾಲೆಗಳಂತೆ ಕಂಡರೂ ಕಿವಿಗೆ ಒಂದೇ ನಿಯಮ ಕೇಳುತ್ತದೆ: ಬಹುವಚನದ ಪ್ರಕೃತಿಯ ಕೊನೆಯ ವ್ಯಂಜನ ಲೋಪಿಸಿದರೆ ಏಕವಚನ ದೊರೆಯುತ್ತದೆ.

3. ನಿಯಮದ ವ್ಯಾಪ್ತಿ

ಈ ನಿಯಮ 'ನಿಯತ' ಗುಂಪುಗಳ ಗಡಿಯಲ್ಲಿ ನಿಲ್ಲುವುದಿಲ್ಲ. 'ಮಲಗು' (/ದೋರ್ಮ್/, /ದೋರ್/), 'ಹೊರಡು' (/ಪಾರ್ತ್/, /ಪಾರ್/), 'ಇಡು' (/ಮೆತ್/, /ಮೆ/), 'ಓದು' (/ಲೀಜ಼್/, /ಲೀ/) ಇವೆಲ್ಲ ಅನಿಯತ ಪಟ್ಟಿಯಲ್ಲಿರುವ ಧಾತುಗಳು. ವರ್ತಮಾನದಲ್ಲಿ ನಡೆಯುವುದು ಮಾತ್ರ /ವಾಂದ್/, /ವಾಂ/ ಜೋಡಿಯಂತೆಯೇ. ಇದಕ್ಕೆ ವಿರುದ್ಧವಾಗಿ, 'ತೆರೆ' ಎಂಬರ್ಥದ /ಊವ್ರೀರ್/ ನಿಘಂಟಿನಲ್ಲಿ 'ಐ-ಆರ್' ಅಂತ್ಯವುಳ್ಳದ್ದಾದರೂ ವರ್ತಮಾನದಲ್ಲಿ /ಪಾರ್ಲೇ/ ಗುಂಪಿನ ಪ್ರತ್ಯಯಗಳನ್ನೇ ಪಡೆದು ವ್ಯಂಜನಗಳನ್ನು ಉಳಿಸಿಕೊಳ್ಳುತ್ತದೆ. ಎಂದರೆ ನಿಘಂಟುರೂಪದ ಅಂತ್ಯವು ವರ್ತಮಾನದ ವರ್ತನೆಯನ್ನು ಖಚಿತವಾಗಿ ಸೂಚಿಸುವುದಿಲ್ಲ. ಝಾಂ ದ್ಯುಬ್ವಾ ಅವರು 1967ರಲ್ಲಿ ಪ್ರಕಟಿಸಿದ ಕ್ರಿಯಾಪದದ ಸಂರಚನಾತ್ಮಕ ವ್ಯಾಕರಣದಲ್ಲಿ ಅಂತ್ಯಾಕ್ಷರಗಳನ್ನು ಬದಿಗಿಟ್ಟು, ಪ್ರಕೃತಿರೂಪಗಳ ಸಂಖ್ಯೆಯನ್ನೇ ವರ್ಗೀಕರಣದ ಆಧಾರವಾಗಿಸಿಕೊಂಡದ್ದು ಈ ದೃಷ್ಟಿಯಿಂದ ಮಹತ್ವದ್ದು.

ನಿಯಮಕ್ಕೆ ಮಿತಿಗಳೂ ಇವೆ. 'ತೆಗೆದುಕೊ' ಎಂಬುದರಲ್ಲಿ /ಪ್ರೆನ್/ ಎಂಬುದು /ಪ್ರಾಂ/ ಆಗುವಾಗ ವ್ಯಂಜನಲೋಪದ ಜೊತೆಗೆ ಸ್ವರವೂ ಅನುನಾಸಿಕವಾಗಿ ಬದಲಾಗುತ್ತದೆ. 'ಇರು', 'ಹೊಂದು', 'ಹೋಗು', 'ಮಾಡು' ಎಂಬರ್ಥದ ಧಾತುಗಳು ಈ ನಿಯಮಕ್ಕೆ ಹೊರಗಿನವು. ಅವನ್ನು ಬಿಡಿಬಿಡಿಯಾಗಿಯೇ ಕಲಿಯಬೇಕು.

4. ಚಾರಿತ್ರಿಕ ಕಾರಣ

ಒಂದು ವರ್ಗ ವ್ಯಂಜನವನ್ನು ಉಳಿಸಿಕೊಂಡು ಇನ್ನೊಂದು ಕಳೆದುಕೊಂಡದ್ದೇಕೆ? ಲ್ಯಾಟಿನ್ನಿನ 'ಪೋರ್ತಾತ್' (ಹೊರುತ್ತಾನೆ) ರೂಪದ ಅಂತ್ಯದಲ್ಲಿದ್ದ 'ಆ' ಕಾರವು ಹಳೆಯ ಫ್ರೆಂಚಿನಲ್ಲಿ ದುರ್ಬಲ ಸ್ವರವಾಗಿ ಉಳಿಯಿತು. 'ವೆಂದಿತ್' (ಮಾರುತ್ತಾನೆ) ರೂಪದ 'ಇ' ಕಾರ ಬಹು ಹಿಂದೆಯೇ ಬಿದ್ದುಹೋಯಿತು. ಪದಾಂತ್ಯದ ವ್ಯಂಜನಗಳು ಲೋಪಿಸುವ ಕಾಲ ಬಂದಾಗ ಮೊದಲನೆಯದರಲ್ಲಿ ವ್ಯಂಜನಕ್ಕೆ ಸ್ವರದ ರಕ್ಷಣೆಯಿತ್ತು, ಎರಡನೆಯದರಲ್ಲಿ ಇರಲಿಲ್ಲ. ಆ ದುರ್ಬಲ ಸ್ವರವೂ ಮುಂದೆ ಮೌನವಾಯಿತು. /ಪೋರ್ತ್/ ಎಂಬಲ್ಲಿನ /ತ್/ ಮಾತ್ರ ಉಳಿಯಿತು. ಉತ್ತಮ ಪುರುಷ ಏಕವಚನದಲ್ಲಿ ಆ ಸ್ವರ ಮೂಲತಃ ಇರಲಿಲ್ಲ. ಸಾದೃಶ್ಯದ ಬಲದಿಂದ ಅನಂತರ ಸೇರಿತು. ಇಂದಿನ ಕಾಗುಣಿತದ ಮೌನ 'ಇ' ಈ ಇತಿಹಾಸದ ಕುರುಹು. ಹೀಗೆ ಓದಿದರೆ ಅದು ನಿರರ್ಥಕವಲ್ಲ: ತನ್ನ ಹಿಂದಿನ ವ್ಯಂಜನವನ್ನು ಉಚ್ಚರಿಸಬೇಕೆಂಬ ಸೂಚನೆ ಅದರಲ್ಲಿದೆ.

5. ಪುರುಷ-ವಚನಗಳ ಭಾರ ಎಲ್ಲಿ?

ಕನ್ನಡದ ವರ್ತಮಾನದಲ್ಲಿ ಒಂಬತ್ತು ಆಖ್ಯಾತ ರೂಪಗಳಿವೆ: ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀಯೆ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ, ಮಾಡುತ್ತವೆ. ಒಂಬತ್ತೂ ಕಿವಿಗೆ ಬೇರೆಬೇರೆ. ಆದ್ದರಿಂದಲೇ ಕರ್ತೃಪದ ಅಧ್ಯಾಹಾರವಾಗಬಲ್ಲುದು. ಫ್ರೆಂಚಿನಲ್ಲಿ /ಪಾರ್ಲ್/ ಎಂಬುದಷ್ಟರಿಂದ ಮಾತಾಡುವವರು ಯಾರೆಂದು ತಿಳಿಯದು; ಆ ಭಾರವನ್ನು ಹೊರುವುದು ಮುಂದಣ ಸರ್ವನಾಮ. ಆ ಸರ್ವನಾಮವೂ ಸ್ವತಂತ್ರ ಪದವಲ್ಲ. 'ಯಾರು?' ಎಂಬ ಪ್ರಶ್ನೆಗೆ ಕನ್ನಡದಲ್ಲಿ 'ನಾನು' ಎಂದರೆ ಸಾಕು. ಫ್ರೆಂಚಿನಲ್ಲಿ /ಝ/ ಎನ್ನಲಾಗದು, /ಮ್ವಾ/ ಎನ್ನಬೇಕು. ಸ್ವರಾದಿ ಧಾತುಗಳಲ್ಲಿ ಬಹುವಚನದ ಗುರುತೂ ಎಡಬದಿಯಲ್ಲೇ ಕೇಳುತ್ತದೆ: 'ಅವನು ಪ್ರೀತಿಸುತ್ತಾನೆ' /ಇಲೆಮ್/, 'ಅವರು ಪ್ರೀತಿಸುತ್ತಾರೆ' /ಇಲ್‌ಜ಼ೆಮ್/. ಕನ್ನಡ ಬಲಬದಿಯಲ್ಲಿ ಸೂಚಿಸುವುದನ್ನು ಆಡುಮಾತಿನ ಫ್ರೆಂಚ್ ಬಹುಮಟ್ಟಿಗೆ ಎಡಬದಿಗೆ ಸಾಗಿಸಿದೆ. ಕನ್ನಡ ಮಾತೃಭಾಷೆಯ ಕಲಿಕಾರ್ಥಿಯು ಸರ್ವನಾಮವನ್ನು ಬಿಡುವ, ಮೌನ 'ಇ-ಎನ್-ಟಿ'ಯನ್ನು ಉಚ್ಚರಿಸುವ ಪ್ರವೃತ್ತಿಯನ್ನು ತೋರಿದರೆ ಅದಕ್ಕೆ ಅಜಾಗರೂಕತೆಯೊಂದೇ ಕಾರಣವಾಗಿರಲಾರದು. ಎರಡು ವ್ಯವಸ್ಥೆಗಳ ಈ ಭೇದವೂ ಕಾರಣವಾಗಿರಬಹುದು.

6. ಬೋಧನಾಕ್ರಮ

ಮೇಲಿನ ವಿವರಣೆಯಿಂದ ಒಂದು ಕ್ರಮ ಮೂಡುತ್ತದೆ. ಮೊದಲು ಕ್ರಿಯಾರೂಪವನ್ನು ಸರ್ವನಾಮದೊಡನೆ ಮಾತ್ರ, ಮೌಖಿಕವಾಗಿ ಕಲಿಸುವುದು. ಎರಡನೆಯದಾಗಿ, ಪ್ರಥಮ ಪುರುಷ ಬಹುವಚನವನ್ನು ಆಧಾರವಾಗಿಟ್ಟು ಧಾತುಗಳನ್ನು ವ್ಯಂಜನ ಉಳಿಸುವವು, ವ್ಯಂಜನ ಕಳೆಯುವವು ಎಂದು ಎರಡೇ ವರ್ಗಗಳಲ್ಲಿ ಪರಿಚಯಿಸುವುದು. ಮೂರನೆಯದಾಗಿ, ಆ ಆಧಾರಕ್ಕೆ /ಓಂ/, /ಏ/ ಪ್ರತ್ಯಯಗಳನ್ನು ಸೇರಿಸುವುದು. ಕೊನೆಯಲ್ಲಿ ಕಾಗುಣಿತ. ಮಧ್ಯಮ ಪುರುಷ ಏಕವಚನದ ಮೌನ 'ಎಸ್' ಮೊದಲಾದವನ್ನು ಬರಹದ ನಿಯಮಗಳೆಂದೇ ಹೆಸರಿಸಿ ಕಲಿಸಬೇಕು.

ಲಿಖಿತ ಪರೀಕ್ಷೆಗಳಿರುವಲ್ಲಿ ಕೋಷ್ಟಕ ಅನಿವಾರ್ಯ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ಸೂಚಿಸಿರುವುದು ಕೋಷ್ಟಕದ ಸ್ಥಾನಪಲ್ಲಟವನ್ನು, ನಿರಾಕರಣೆಯನ್ನಲ್ಲ. ಫ್ರೆಂಚ್ ಕ್ರಿಯಾಪದಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು /ಪಾರ್ಲೇ/ ಗುಂಪಿಗೆ ಸೇರಿದವು. ಹೊಸದಾಗಿ ಹುಟ್ಟುವ ಕ್ರಿಯಾಪದಗಳೂ ಸಾಮಾನ್ಯವಾಗಿ ಅಲ್ಲಿಗೇ ಸೇರುತ್ತವೆ. ಈ ಬಹುಸಂಖ್ಯಾತ ವರ್ಗಕ್ಕೆ ಕಿವಿ ಕೇಳುವುದು ಮೂರು ರೂಪಗಳನ್ನು. ಮೂರನ್ನು ಆರೆಂದು ಮೊದಲ ದಿನವೇ ಒಪ್ಪಿಸಿದರೆ, ಭಾಷೆಯಲ್ಲಿಲ್ಲದ ಕಠಿಣತೆಯೊಂದನ್ನು ಬೋಧನೆಯೇ ಸೃಷ್ಟಿಸಿದಂತಾಗುತ್ತದೆ.